ಹಲ್ಲಿನ ಡಾಕ್ಟರ ಬೇಸ್‌ಬಾಲ್

ಮೊನ್ನೆ ಭಾನುವಾರ ಬಿರಿಯಾನಿಗೆ ಈರುಳ್ಳಿ ಹುರಿಯುತ್ತಿದ್ದಾಗ ಬಲಗಡೆಯ ದವಡೆ ಹಲ್ಲು ಚುಳ್ ಎಂದಿತು. ಸ್ವೀಡನ್ನಿನ ಈ ಸೋಲ್ನಾದಲ್ಲಿ ಭಾನುವಾರ ಹಲ್ಲು ನೋಯಿಸಿಕೊಂಡರೆ ಸೋಮವಾರದ ತನಕ ಕೆನ್ನೆ ಹಿಡಿದುಕೊಂಡು ಕೂರಬೇಕು. ನನ್ನ ದಾದಿ, ಅಂದರೆ ಅಬ್ಬಾನ ಅಮ್ಮ, ಹೇಳಿಕೊಟ್ಟ ಹಳೆಯ ಮದ್ದೇ ಗತಿಯೆಂದು ಮಸಾಲೆ ಡಬ್ಬಿಯಿಂದ ಒಂದು ಲವಂಗ ತೆಗೆದು, ನೋಯುವ ಹಲ್ಲಿನ ಕೆಳಗೆ ಇಟ್ಟು ಕಚ್ಚಿದೆ. ಬಾಯಿ ತುಂಬ ಆ ಖಾರ, ಮೂಗು ತುಂಬ ಆ ಘಾಟು. ಮರುಗಳಿಗೆ ನಾನು ಸೋಲ್ನಾದ ಅಡುಗೆಮನೆಯಲ್ಲಿ ಇರಲಿಲ್ಲ. ಉತ್ತರ ಸ್ವೀಡನ್ನಿನ ಲುಲೆಯೊದ ಒಂದು ಕುರ್ಚಿಯಲ್ಲಿ ಕಾಲು ಮೇಲೆ, ತಲೆ ಕೆಳಗೆ ಮಾಡಿಕೊಂಡು, ಬಾಯಿ ಅಗಲಿಸಿ ಮಲಗಿದ್ದೆ...

ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ನನ್ನ ಗಂಡ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಎಂಜಿನಿಯರ್. ನಾನು ಪುಟ್ಟದೊಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಮಗಳು ಡಾಗಿಸ್‌ನಲ್ಲಿ, ಅಂದರೆ ಅಲ್ಲಿನ ಶಿಶುವಿಹಾರದಲ್ಲಿ, ನಮ್ಮಿಬ್ಬರಿಗಿಂತ ಬೇಗ ಸ್ವೀಡಿಷ್ ಕಲಿಯುತ್ತಿದ್ದಳು. ರಾಣೆಬೆನ್ನೂರಿನ ಬಿಸಿಲಲ್ಲಿ ಬೆಳೆದ ನನಗೆ ಆ ಊರಿನ ಚಳಿಗಿಂತ ಅಲ್ಲಿನ ಮೌನವೇ ಹೆಚ್ಚು ಕೊರೆಯುತ್ತಿತ್ತು. ಆಫೀಸಿನಲ್ಲಿ ಫಿಕಾ ಎನ್ನುವ ಕಾಫಿ ಬಿಡುವಿನ ಹೊತ್ತಿನಲ್ಲಿ ಹವಾಮಾನದ ಮಾತು ಮುಗಿದರೆ ಎಲ್ಲರೂ ತಂತಮ್ಮ ಕಾಫಿ ಕಪ್ಪಿನೊಳಗೆ ನೋಡುತ್ತ ಕೂರುತ್ತಿದ್ದರು. ಗಟ್ಟಿಯಾಗಿ ನಕ್ಕು ಎಷ್ಟು ದಿನವಾಯಿತೆಂದು ಒಮ್ಮೆ ಯೋಚಿಸಿ, ನೆನಪಾಗದೆ ಅಳು ಬಂದಿತ್ತು. ಅಂಥ ಹೊತ್ತಿಗೆ ಹಲ್ಲು ನೋವು ಬಂತು. ಕೆಲವರಿಗೆ ಅದೃಷ್ಟ ಹೀಗೂ ಬರುತ್ತದೆ.

ಹಲ್ಲಿನ ಡಾಕ್ಟರು ಅರವತ್ತರ ಹತ್ತಿರದವರು, ಕಂಬದ ಹಾಗೆ ಎತ್ತರ, ಬಿಳಿ ಮೀಸೆ. ಅಲ್ಲಿ ಡಾಕ್ಟರಿರಲಿ, ಮಂತ್ರಿಯಿರಲಿ, ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು ರೂಢಿ. ನನಗೆ ಮಾತ್ರ ನಾಲಗೆ ಏಳಲಿಲ್ಲ. ಕೊನೆಯವರೆಗೂ ‘ಡಾಕ್ಟ್ರೇ’ ಎಂದೇ ಕರೆದೆ. ಅದು ಅವರಿಗೂ ಹಿಡಿಸಿತ್ತು. ಅವರ ಕೋಣೆಗೆ ಕಾಲಿಟ್ಟರೆ ಲವಂಗದೆಣ್ಣೆಯ ವಾಸನೆ. ಬೇರೆ ಕ್ಲಿನಿಕ್ಕುಗಳಲ್ಲಿ ಮೀನಿನ ತೊಟ್ಟಿ ಇಡುವ ಜಾಗದಲ್ಲಿ ಇವರು ಒಂದು ಕಪಾಟಿನ ತುಂಬ ಬೇಸ್‌ಬಾಲ್ ಆಟಗಾರರ ಗೊಂಬೆಗಳನ್ನು ಇಟ್ಟಿದ್ದರು. ಪುಟ್ಟ ಮೈ, ಸ್ಪ್ರಿಂಗಿನ ಮೇಲೆ ಕೂತ ದೊಡ್ಡ ತಲೆ. ಕೋಣೆಯ ಬಾಗಿಲು ಹಾಕಿದರೆ ಸಾಕು, ಅಷ್ಟೂ ಗೊಂಬೆಗಳು ಹೌದು ಹೌದು ಎಂದು ತಲೆ ಆಡಿಸುತ್ತಿದ್ದವು. ‘ಈ ಹಲ್ಲು ಕೀಳಬೇಕು’ ಎಂದು ಡಾಕ್ಟರು ಹೇಳಿದಾಗಲೂ ಅವು ಹಾಗೆಯೇ ಒಪ್ಪಿಗೆ ಕೊಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ತಂಡ ಸೇರಿದ್ದು ಆ ಕುರ್ಚಿಯಲ್ಲೇ. ಬಾಯೊಳಗೆ ಎಂಜಲು ಹೀರುವ ನಳಿಕೆ, ಹತ್ತಿಯ ಉಂಡೆಗಳು, ಅವರ ಎರಡು ಬೆರಳು.

“ಇಂಡಿಯಾದವಳು ಅಂದಮೇಲೆ ಚೆಂಡು ಹೊಡೆದು ಅಭ್ಯಾಸ ಇರಬೇಕಲ್ಲ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಆ...” ಎಂದೆ. ಅಣ್ಣಂದಿರ ಜತೆ ಗಲ್ಲಿಯಲ್ಲಿ ಟೆನಿಸ್ ಬಾಲಿನ ಕ್ರಿಕೆಟ್ ಆಡಿದ್ದೆ, ಅದೂ ಹೈಸ್ಕೂಲಿಗೆ ಮುಂಚೆ, ಎಂದು ಹೇಳಬೇಕಿತ್ತು.

“ಭಾನುವಾರ ಮಧ್ಯಾಹ್ನ ಬಿಡುವಿದೆಯಾ?”

“ಆ... ಆ...”

“ಒಳ್ಳೆಯದು. ಹೋಗುವಾಗ ಟೋಪಿಯ ಅಳತೆ ಕೊಟ್ಟು ಹೋಗು.”

ಮೈದಾನಕ್ಕೆ ಹೋದ ಮೇಲೆ ತಿಳಿಯಿತು, ತಂಡದ ಮುಕ್ಕಾಲು ಪಾಲು ಜನ ಹೀಗೇ ಸಿಕ್ಕಿಬಿದ್ದವರು. ವಿದ್ಯಾರ್ಥಿಗಳು, ಒಬ್ಬ ಬಡಗಿ, ಡಾಕ್ಟರ ಕ್ಲಿನಿಕ್ಕಿನ ನರ್ಸ್. ಬಾಯಿ ತೆರೆದಿದ್ದಾಗ ಯಾರಿಗೂ ಬೇಡ ಎನ್ನಲು ಆಗಿರಲಿಲ್ಲ. ಒಂಟಿಯಾಗಿ ಹೋಗಲು ಅಂಜಿ ಗಂಡನನ್ನೂ ಎಳೆದುಕೊಂಡು ಹೋಗಿದ್ದೆ. ಅವರಿಗೆ ಹಲ್ಲು ನೋವೇ ಇರಲಿಲ್ಲ, ಆದರೂ ಆ ಸಂಜೆಯೇ ಅವರ ತಲೆಯ ಮೇಲೂ ಒಂದು ಟೋಪಿ ಕೂತಿತ್ತು.

ಡಾಕ್ಟರು ಓದುವ ವಯಸ್ಸಿನಲ್ಲಿ ಒಂದು ವರ್ಷ ಅಮೆರಿಕದಲ್ಲಿದ್ದರಂತೆ. ಅಲ್ಲಿಂದ ಹಲ್ಲಿನ ವಿದ್ಯೆ ಎಷ್ಟು ತಂದರೋ, ಬೇಸ್‌ಬಾಲ್ ಹುಚ್ಚನ್ನಂತೂ ಹೊತ್ತು ತಂದಿದ್ದರು. ಆಟಕ್ಕಿಂತ ಆಟದ ಸುತ್ತಲಿನ ಚಿತ್ರವಿಚಿತ್ರಗಳೇ ಅವರಿಗೆ ಪ್ರಾಣ. ಗೆಲ್ಲುತ್ತಿರುವ ತನಕ ಸಾಕ್ಸ್ ಒಗೆಯದ ಆಟಗಾರರು. ಮೈದಾನದ ಸುಣ್ಣದ ಗೆರೆಯನ್ನು ಮೆಟ್ಟದೆ ಹಾರಿ ದಾಟುವವರು. ಚೆಂಡು ಎಸೆಯುವವನು ಒಬ್ಬರಿಗೂ ಹೊಡೆಯಲು ಬಿಡದೆ ಆಡುತ್ತಿದ್ದರೆ ಅದರ ಬಗ್ಗೆ ತಂಡದಲ್ಲಿ ಯಾರೂ ಉಸಿರೆತ್ತಬಾರದಂತೆ, ಅವನ ಪಕ್ಕದಲ್ಲಿ ಕೂರಲೂಬಾರದಂತೆ. ಇದನ್ನು ಕೇಳಿ ಉಳಿದವರು ನಕ್ಕರು. ನಾನು, ನನ್ನ ಗಂಡ ನಗಲಿಲ್ಲ. ನಜರ್, ಅಂದರೆ ದೃಷ್ಟಿ ತಾಗುವುದು, ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗು ಚೆನ್ನಾಗಿ ಉಂಡಿತು ಎನ್ನುವುದಕ್ಕೂ ಮಾಷಾ ಅಲ್ಲಾಹ್ ಸೇರಿಸುವ ಜನ ನಾವು.

ಅಮೆರಿಕದಲ್ಲಿ ಪ್ರತಿ ತಂಡಕ್ಕೂ ವೇಷ ಹಾಕಿ ಕುಣಿಯುವ ಒಬ್ಬ ಕೋಡಂಗಿ ಇರುತ್ತಾನೆ ಎಂದು ನಮ್ಮ ತಂಡಕ್ಕೂ ಒಬ್ಬ ಬೇಕೆಂದರು. ಶಾಲೆಯ ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸಲು ಮಾಡಿಸಿದ್ದ ಒಂದು ದೊಡ್ಡ ಸ್ಪಂಜಿನ ಹಲ್ಲಿನ ವೇಷ ಅವರ ಬಳಿ ಇತ್ತು. ಪೈನ್ ಮರಗಳ ಅಂಚಿನ ಆ ಮೈದಾನದಲ್ಲಿ ಆಳೆತ್ತರದ ಬಿಳಿ ದವಡೆ ಹಲ್ಲೊಂದು ಎರಡು ಬೇರುಗಳ ಮೇಲೆ ಕುಣಿಯುತ್ತಿತ್ತು. ದೊಡ್ಡ ಕ್ರೀಡಾಂಗಣಗಳಲ್ಲಿ ಆರ್ಗನ್ ನುಡಿಸುತ್ತಾರೆ ಎಂದು ಬ್ಯಾಟರಿಯ ಆಟಿಕೆ ಕೀಬೋರ್ಡೊಂದನ್ನು ತಂದು ನನ್ನ ಮಗಳ ಕೈಗೆ ಕೊಟ್ಟರು. ನಮ್ಮ ಪ್ರೇಕ್ಷಕರೆಂದರೆ ಅವಳು ಮತ್ತು ಬಡಗಿಯ ನಾಯಿ.

ಒಂದು ವಿಷಯದಲ್ಲಿ ಮಾತ್ರ ಅವರಿಗೂ ಅಮೆರಿಕಕ್ಕೂ ಎಣ್ಣೆ-ಸೀಗೆಕಾಯಿ. ಬೇಸ್‌ಬಾಲ್ ಎಂದರೆ ಚೂಯಿಂಗ್ ಗಮ್, ಹೊಗೆಸೊಪ್ಪು, ಏನಾದರೊಂದನ್ನು ಜಗಿಯುವುದು, ಉಗಿಯುವುದು. ಹಲ್ಲಿನ ಡಾಕ್ಟರ ತಂಡ ಅದನ್ನು ಮಾಡುವುದುಂಟೇ? ಮೊದಲು ಕ್ಯಾರೆಟ್ ತುಂಡು ಹಂಚಿದರು. ಕ್ಯಾರೆಟ್ ಕಚ್ಚುತ್ತ ನಿಂತವನನ್ನು ಕಂಡು ಎದುರಾಳಿ ಹೆದರುತ್ತಾನೆಯೇ? ಆಗ ನಾನು ಮನೆಯಿಂದ ಸೋಂಪಿನ ಡಬ್ಬಿ ತಂದೆ. ಸಕ್ಕರೆ ಲೇಪದ್ದನ್ನು ಅವರು ಮುಖ ಕಿವುಚಿ ಆಚೆ ಇಟ್ಟರು, ಬರಿ ಸೋಂಪಿಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಇಡೀ ಬೇಸಿಗೆ ನಮ್ಮ ತಂಡ ಊಟ ಮುಗಿಸಿದ ಮದುವೆ ಮನೆಯವರ ಹಾಗೆ ಸೋಂಪು ಜಗಿಯುತ್ತ ಆಡಿತು.

ಆಡಿತು ಎಂದೆ, ಗೆದ್ದಿತು ಎನ್ನಲಿಲ್ಲ. ಗೆಲುವಿಗೂ ನಮಗೂ ಪರಿಚಯವೇ ಇರಲಿಲ್ಲ. ಅದಕ್ಕೆ ಒಂದು ಕಾರಣ ಸೊಳ್ಳೆ. ಬೇಸ್‌ಬಾಲಿನಲ್ಲಿ ಕೋಚ್ ಬಾಯಿಬಿಟ್ಟು ಹೇಳುವುದಿಲ್ಲ. ಕಿವಿ ಮುಟ್ಟಿಕೊಂಡರೆ ಒಂದು ಅರ್ಥ, ಮೂಗು ಮುಟ್ಟಿಕೊಂಡು ತೋಳು ಸವರಿಕೊಂಡರೆ ‘ಈಗ ಓಡು’ ಎಂದು ಅರ್ಥ. ಲುಲೆಯೊದ ಬೇಸಿಗೆಯ ಸೊಳ್ಳೆಗಳಿಗೆ ಈ ಗುಟ್ಟು ಹೇಗೆ ಗೊತ್ತಾಗಬೇಕು? ಡಾಕ್ಟರು ಮೂಗಿನ ಮೇಲೆ ಕೂತ ಸೊಳ್ಳೆ ಹೊಡೆದು, ತೋಳಿನದನ್ನು ಒರೆಸಿಕೊಂಡರೆ ಇತ್ತ ನಮ್ಮವರು ಎದ್ದೆನೋ ಬಿದ್ದೆನೋ ಎಂದು ಓಡಿ ಔಟ್ ಆಗಿ ಬರುತ್ತಿದ್ದರು.

ಇನ್ನೊಂದು ಕಾರಣ ನಾನು. ಕ್ರಿಕೆಟ್ಟಿನಲ್ಲಿ ಬ್ಯಾಟು ಹಿಡಿದೇ ಓಡುತ್ತೇವೆ. ಬ್ಯಾಟು ಗೆರೆ ದಾಟಿ ನೆಲ ಮುಟ್ಟಿದರೆ ನಾವು ದಾಟಿದ ಹಾಗೆ. ಬೇಸ್‌ಬಾಲಿನಲ್ಲಿ ಹೊಡೆದ ತಕ್ಷಣ ಬ್ಯಾಟನ್ನು ಅಲ್ಲೇ ಬಿಟ್ಟು ಓಡಬೇಕು. ಬೇಸ್ ಎಂದರೆ ನೆಲದ ಮೇಲಿನ ಒಂದು ಚಪ್ಪಟೆ ಬಿಳಿ ದಿಂಬು, ಅದನ್ನು ಕಾಲಿನಿಂದ ಮುಟ್ಟಬೇಕು. ಬ್ಯಾಟಿನಿಂದ ಮುಟ್ಟಿದರೆ ಲೆಕ್ಕಕ್ಕಿಲ್ಲ. ನನಗೋ, ಚೆಂಡು ತಾಗಿದ ಕೂಡಲೇ ಬ್ಯಾಟನ್ನು ಎದೆಗವಚಿಕೊಂಡು ಓಡುವುದೇ ಅಭ್ಯಾಸ. ಹುಟ್ಟುಗುಣ ಸುಟ್ಟರೂ ಹೋಗದು. ಡಾಕ್ಟರು ಒಂದು ಶಿಕ್ಷೆ ಹಾಕಿದರು: ನಾನು ಬ್ಯಾಟು ಹೊತ್ತು ಓಡಿದಾಗಲೆಲ್ಲ ತಂಡದ ಮುಂದೆ ನಿಂತು ದಾರದಿಂದ ಹಲ್ಲಿನ ಸಂದಿಗಳನ್ನು ಶುಚಿ ಮಾಡಿಕೊಳ್ಳಬೇಕು. ಆ ಬೇಸಿಗೆಯ ಕೊನೆಗೆ ಲುಲೆಯೊದಲ್ಲೇ ಶುಚಿಯಾದ ಹಲ್ಲು ನನ್ನವು. ಬ್ಯಾಟು ಬಿಡುವ ಅಭ್ಯಾಸವೂ ಬಂದಿತ್ತು ಎಂದುಕೊಂಡಿದ್ದೆ.

ನಗುನಗುತ್ತ ಸೋತರೂ ಸೋಲು ಸೋಲೇ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ನೆಪ ಹೇಳತೊಡಗಿದರು. ಆಗಸ್ಟಿನಲ್ಲಿ ಒಂದು ಸಂಜೆ ಡಾಕ್ಟರು ಚೆಂಡುಗಳನ್ನು ಚೀಲಕ್ಕೆ ತುಂಬುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು. ಉಳಿದಿರುವುದು ಒಂದೇ ಪಂದ್ಯ. ಅದನ್ನೂ ಸೋತರೆ ಮುಂದಿನ ಬೇಸಿಗೆಗೆ ತಂಡ ಇರುವುದಿಲ್ಲ, ನಿಮ್ಮನ್ನೆಲ್ಲ ಮತ್ತೆ ಕರೆಯಲು ನನಗೆ ಮುಖವಿಲ್ಲ ಎಂದರು. ಅಷ್ಟು ಎತ್ತರದ ಮನುಷ್ಯ ಆ ಹೊತ್ತು ಕುಗ್ಗಿದ ಹಾಗೆ ಕಂಡರು. ಮನೆಗೆ ಬರುವ ದಾರಿಯಲ್ಲಿ ನನಗೆ ಅದೇ ಯೋಚನೆ. ಭಾನುವಾರದ ಆ ಗದ್ದಲ ಒಂದು ಇಲ್ಲದಿದ್ದರೆ ಮತ್ತೆ ಹವಾಮಾನದ ಮಾತು, ಕಾಫಿ ಕಪ್ಪು.

ಕೊನೆಯ ಪಂದ್ಯ ಪಕ್ಕದ ಊರಿನವರ ಜತೆ. ಆಟ ಅರ್ಧ ಮುಟ್ಟುವ ಮೊದಲೇ ನಾವು ಒಂಬತ್ತು ಓಟ ಹಿಂದೆ ಬಿದ್ದಿದ್ದೆವು. ಡಾಕ್ಟರು ಎದ್ದು ನಿಂತು, “ಎಲ್ಲರೂ ಟೋಪಿ ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಿ” ಎಂದರು. ಸೋಲುತ್ತಿರುವ ತಂಡ ಟೋಪಿ ತಿರುಗಿಸಿ ಹಾಕಿಕೊಂಡರೆ ಆಟವೂ ತಿರುಗುತ್ತದೆ ಎಂಬುದು ಅಮೆರಿಕದ ಇನ್ನೊಂದು ನಂಬಿಕೆ. ನಾನು ಸ್ಕಾರ್ಫಿನ ಮೇಲಿದ್ದ ಟೋಪಿಯನ್ನು ತೆಗೆದು ತಿರುಗಿಸುತ್ತ ಗಂಡನ ಮುಖ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು.

“ಈದ್ಗಾ ನೆನಪಾಯ್ತಾ?” ಎಂದರು.

ನೆನಪಾಗದೆ ಇರುತ್ತದೆಯೇ? ಚಿಕ್ಕಂದಿನಲ್ಲಿ ಒಂದು ವರ್ಷ ಮಳೆ ತಡವಾದಾಗ ಊರಿನ ಗಂಡಸರೆಲ್ಲ ಈದ್ಗಾ ಮೈದಾನಕ್ಕೆ ಹೋಗಿ ಮಳೆಗಾಗಿ ನಮಾಜು ಮಾಡಿದ್ದರು. ಆ ನಮಾಜಿನಲ್ಲಿ ಹೊದ್ದ ಶಾಲನ್ನು ತಿರುಗಿಸಿ ಹೊದೆಯುತ್ತಾರೆ, ನಮ್ಮ ಸ್ಥಿತಿಯೂ ಹೀಗೇ ತಿರುಗಲಿ ಎಂದು. ಅಬ್ಬಾ ಮನೆಗೆ ಬಂದಾಗಲೂ ಶಾಲಿನ ಒಳಮೈ ಹೊರಗಿತ್ತು. ಮನೆಯಲ್ಲಿದ್ದ ದಾದಿ ತನ್ನ ಓಢಣಿಯನ್ನೂ ತಿರುಗಿಸಿ ಹೊದ್ದು, “ಬಟ್ಟೆ ತಿರುಗಿಸಿದರೆ ಸಾಲದು ಬೇಟಿ, ಮನಸ್ಸೂ ತಿರುಗಬೇಕು” ಎಂದಿದ್ದಳು. ಆ ವಾರವೇ ಮಳೆ ಬಂದಿತ್ತು. ಇದನ್ನು ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ಟೋಪಿಯ ಹೊಲಿಗೆ ಕಾಣುವ ತಲೆಯನ್ನೆತ್ತಿ ಆಕಾಶ ನೋಡಿ, “ನಮಗೆ ಬೇಕಾಗಿರುವುದು ಓಟ” ಎಂದರು.

ಸಿಕ್ಕಿದ್ದು ಮಳೆ. ಬೊತ್ನಿಯಾ ಕೊಲ್ಲಿಯ ಕಡೆಯಿಂದ ಕಪ್ಪು ಮೋಡವೊಂದು ಎದ್ದು ಬಂದು ಮೈದಾನದ ಮೇಲೇ ನಿಂತಿತು. ಸುಣ್ಣದ ಗೆರೆಗಳು ಕೊಚ್ಚಿಹೋದವು. ಸ್ಪಂಜಿನ ಹಲ್ಲು ನೀರು ಕುಡಿದು ಊದಿ, ಒಳಗಿದ್ದ ವಿದ್ಯಾರ್ಥಿಗೆ ಹೆಜ್ಜೆ ಎತ್ತಲಾಗದೆ ಇಬ್ಬರು ಹಿಡಿದು ತರಬೇಕಾಯಿತು. ಅಂಪೈರ್ ಆಗಿದ್ದ ನಿವೃತ್ತ ಮಾಸ್ತರು ಕಾದು ಕಾದು ಕೊನೆಗೆ ಕೈ ಆಡಿಸಿದರು. ಅರ್ಧ ಆಟವೂ ಮುಗಿಯದೆ ನಿಂತರೆ ಪಂದ್ಯ ಲೆಕ್ಕಕ್ಕಿಲ್ಲ, ಮುಂದಿನ ಭಾನುವಾರ ಮೊದಲಿನಿಂದ ಆಡಬೇಕು. ಡಾಕ್ಟರು ಮಳೆಯಲ್ಲೇ ನನ್ನ ಬಳಿ ಬಂದು, “ನಿಮ್ಮ ಶಾಲು ನಮ್ಮ ಟೋಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ” ಎಂದರು. ನಾನು ಮನಸ್ಸಿನಲ್ಲೇ ತೌಬಾ, ತಪ್ಪಾಯಿತು ಎಂದುಕೊಂಡೆ. ಆದರೆ ಹೊಟ್ಟೆ ಹಿಡಿದುಕೊಂಡು ನಕ್ಕೆ, ಎಷ್ಟೋ ತಿಂಗಳ ನಗುವೆಲ್ಲ ಒಟ್ಟಿಗೆ ಬಂದ ಹಾಗೆ...

ಮುಂದಿನ ಭಾನುವಾರ ಸೆಪ್ಟೆಂಬರಿನ ಮೊದಲ ವಾರಕ್ಕೆ ಬಿದ್ದಿತ್ತು. ಮರುದಿನವೇ ಮೂಸ್ ಬೇಟೆ ಶುರು. ಮೂಸ್ ಎಂದರೆ ಕುದುರೆಗಿಂತ ಎತ್ತರದ ಕಡವೆ. ಆ ಬೇಟೆಯ ಕಾಲದಲ್ಲಿ ಉತ್ತರ ಸ್ವೀಡನ್ನಿನ ಅರ್ಧ ಜನ ಕಾಡು ಸೇರುತ್ತಾರೆ. ಆಫೀಸೂ ಖಾಲಿ, ಕಾರ್ಖಾನೆಯೂ ಖಾಲಿ. ಪಕ್ಕದ ಊರಿನ ತಂಡದಲ್ಲೂ ಬಹಳ ಮಂದಿ ಹಿಂದಿನ ದಿನವೇ ಕೋವಿ ಹೊತ್ತು ಹೊರಟಿದ್ದರು. ಆಡಲು ಒಂಬತ್ತು ಜನ ಬೇಕು, ಬಂದವರು ಎಂಟು. ಅಂಪೈರ್ ಮಾಸ್ತರು, ನಿಯಮದ ಪ್ರಕಾರ ಆಡದೆಯೇ ಗೆಲುವು ನಿಮ್ಮದು ಎಂದರು. ನಮ್ಮವರು ಕುಣಿಯತೊಡಗಿದರು. ಹಲ್ಲೂ ಕುಣಿಯಿತು. ಮಗಳು ಕೀಬೋರ್ಡ್ ಬಾರಿಸಿದಳು.

ಡಾಕ್ಟರು ಬೇಡವೆಂದರು. “ಕಟ್ಟಿಸಿಕೊಂಡ ಹಲ್ಲಿನಲ್ಲಿ ನಗಬಹುದು, ರುಚಿ ತಿಳಿಯುವುದಿಲ್ಲ. ನಾವು ಹತ್ತು ಜನ ಇದ್ದೇವೆ, ಒಬ್ಬರನ್ನು ಅವರಿಗೆ ಕೊಡೋಣ.” ಹಾಗೆಂದು ನೇರ ನನ್ನತ್ತ ಕೈ ತೋರಿಸಿದರು.

ನನಗೆ ಮೈ ಉರಿದುಹೋಯಿತು. ತಂಡ ಉಳಿಯಲಿ ಎಂದು ವಾರವಿಡೀ ದುವಾ ಮಾಡಿದವಳು ನಾನು, ನನ್ನನ್ನೇ ಎದುರಾಳಿಗೆ ಕೊಡುವುದೇ?

“ನಾನು ನಿಜವಾಗಲೂ ಆಡ್ತೀನಿ ಡಾಕ್ಟ್ರೇ. ಸೋತ್ರೆ ಆಮೇಲೆ ಬೇಜಾರು ಮಾಡ್ಕೋಬೇಡಿ” ಎಂದೆ.

“ನೀನು ನಿಜವಾಗಿ ಆಡುತ್ತೀ ಅಂತಲೇ ನಿನ್ನನ್ನು ಕೊಡುತ್ತಿರುವುದು” ಎಂದರು.

ನನ್ನ ಗಂಡ ಕಿವಿಯ ಹತ್ತಿರ ಬಂದು, “ಅದೆಲ್ಲ ಏನಿಲ್ಲ. ವರ್ಸ್ಟ್ ಪ್ಲೇಯರನ್ನ ಕೊಟ್ಟಿದಾರೆ ಅಷ್ಟೇ” ಎಂದು ಪಿಸುಗುಟ್ಟಿ ಓಡಿದರು. ಅದು ಕೆಣಕಿತು. ನಾನು ಬೇರೆ ತಂಡದ ಹಸಿರು ಅಂಗಿಯನ್ನು ನನ್ನ ಅಂಗಿಯ ಮೇಲೆ ಹಾಕಿಕೊಂಡು, ಮೊದಲ ಬಾರಿಗೆ ಗೆಲ್ಲಲೇಬೇಕು ಎಂದುಕೊಂಡು ಆಡಿದೆ. ಒಂದು ಕ್ಯಾಚನ್ನೂ ಹಿಡಿದೆ. ಎಂದೂ ಹಿಡಿಯದವಳು ಹಿಡಿದೆನೆಂದು ನಮ್ಮ ತಂಡದವರೇ ಚಪ್ಪಾಳೆ ತಟ್ಟಿದರು.

ಆಟ ಕೊನೆಯವರೆಗೂ ಎಳೆಯಿತು. ನನ್ನ ಹಳೆಯ ತಂಡ ಒಂದೇ ಓಟ ಮುಂದಿತ್ತು. ಹಸಿರು ಅಂಗಿಯವರಿಗೆ ಉಳಿದಿದ್ದು ಒಂದೇ ಔಟು, ಬ್ಯಾಟು ನನ್ನ ಕೈಯಲ್ಲಿ. ಅವರ ಒಬ್ಬ ಆಟಗಾರ, ಬ್ಯಾಟು ಬೀಸುವ ಜಾಗಕ್ಕೆ ಓಡಿ ಬಂದು ಓಟ ಗಳಿಸಲು, ಕೊನೆಯ ಬೇಸಿನಲ್ಲಿ ಕಾದು ನಿಂತಿದ್ದ. ನಾನು ಹೊಡೆದು, ಚೆಂಡು ಅಲ್ಲಿಗೆ ತಲುಪುವ ಮುಂಚೆ ಮೊದಲ ಬೇಸ್ ಮುಟ್ಟಿದರೆ ಓಟ ಸಮ. ಔಟಾದರೆ ಆಟ ಮುಗಿದು ಡಾಕ್ಟರ ತಂಡ ಉಳಿಯುತ್ತದೆ. ಮೊದಲ ಬೇಸಿನಲ್ಲಿ ಚೆಂಡು ಹಿಡಿಯಲು ನಿಂತಿದ್ದವರು ನನ್ನ ಗಂಡ. ಡಾಕ್ಟರು ಬೆಂಚಿನ ಪಕ್ಕ ನಿಂತಿದ್ದರು. ಸೊಳ್ಳೆ ಕಚ್ಚಿದರೂ ಕೈ ಎತ್ತುತ್ತಿರಲಿಲ್ಲ.

ಚೆಂಡು ಬಂತು. ಹೊಡೆದೆ. ಅಂಥ ಹೊಡೆತ ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಅಂಗೈಯಿಂದ ಭುಜದವರೆಗೆ ಹಾಯಾಗಿ ಹರಿಯಿತು. ಚೆಂಡು ಹುಲ್ಲಿನ ಮೇಲೆ ದೂರ ಉರುಳಿತು, ನಾನು ಓಡಿದೆ. ರಾಣೆಬೆನ್ನೂರಿನ ಗಲ್ಲಿಯಲ್ಲಿ, ಅಣ್ಣ ಕೂಗುತ್ತಿರುವಾಗ ಓಡಿದಂತೆ ಓಡಿದೆ. ಚೆಂಡು ಇನ್ನೂ ದೂರದಲ್ಲಿತ್ತು. ಬೇಸ್ ಹತ್ತಿರ ಬಂತು. ನಾನು ಬಗ್ಗಿ, ಕೈ ಚಾಚಿ, ಬ್ಯಾಟಿನ ತುದಿಯನ್ನು ಬಿಳಿ ದಿಂಬಿನ ಮೇಲೆ ಊರಿ, ಗೆದ್ದೆನೆಂದು ನಿಂತೆ.

ಕಾಲು ಒಂದು ಗೇಣು ಈಚೆ ಇತ್ತು. ನನ್ನ ಗಂಡ ಬ್ಯಾಟನ್ನು ನೋಡಿದರು, ನನ್ನ ಕಾಲನ್ನು ನೋಡಿದರು. ಆಗ ಚೆಂಡು ಬಂದು ಅವರ ಗ್ಲೌಸಿಗೆ ಬಿತ್ತು. ಅವರ ಕಾಲು ದಿಂಬಿನ ಮೇಲಿತ್ತು. ಮಾಸ್ತರು ಮುಷ್ಟಿ ಎತ್ತಿ ಔಟ್ ಎಂದರು.

ಆಮೇಲೆ ಮೈದಾನದಲ್ಲಿ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ... ಹಲ್ಲಿನ ವೇಷದವನು ನನ್ನನ್ನು ತಬ್ಬಿಕೊಂಡದ್ದು, ಹಸಿರು ಅಂಗಿಯವರೂ ನಕ್ಕದ್ದು, ಡಾಕ್ಟರು ಟೋಪಿಯಿಂದ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತದ್ದು. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಎಂದುಕೊಂಡು ಹತ್ತಿರ ಹೋದೆ. ಅಳುತ್ತಿದ್ದರು. ನನ್ನ ಕೈಗೆ ಹಲ್ಲು ಶುಚಿ ಮಾಡುವ ದಾರದ ಡಬ್ಬಿ ಕೊಟ್ಟರು.

ಮನೆಯಲ್ಲಿ ಗಂಡ ಕೇಳಿದ್ದು ಒಂದೇ ಮಾತು. “ಸೀರಿಯಸ್ಸಾಗಿ ಹೇಳು, ಬೇಕಂತ ಮಾಡಿದ್ಯಾ?” ಖುದಾ ಕಸಮ್ ಇಲ್ಲ ಎಂದೆ. ಇವತ್ತಿಗೂ ಅವರು ನಂಬಿಲ್ಲ. ನಂಬದಿದ್ದರೆ ಬಿಡಲಿ. ಡಾಕ್ಟರು ಮಾತ್ರ ಏನನ್ನೂ ಕೇಳಿರಲಿಲ್ಲ. ಅವರು ಕೇಳಿದ್ದು ಚಳಿಗಾಲ ಬಂದ ಮೇಲೆ, ಒಂದು ಹಲ್ಲು ತುಂಬಿಸಲು ಹೋದಾಗ. ಬಾಯೊಳಗೆ ನಳಿಕೆ, ಹತ್ತಿ, ಅವರ ಎರಡು ಬೆರಳು.

“ಬೇಕೆಂದೇ ಮಾಡಿದೆಯಾ?”

“ಆ... ಆ...” ಎಂದೆ. ಇಲ್ಲ ಎಂದು ತಲೆ ಆಡಿಸಲು ಹೋದರೆ, ಅಲ್ಲಾಡಬೇಡ, ಸೂಜಿ ಇದೆ ಎಂದರು. ಅದೇ ಗಳಿಗೆಗೆ ನರ್ಸ್ ಬಾಗಿಲು ಹಾಕಿಕೊಂಡು ಆಚೆ ಹೋದಳು. ಕಪಾಟಿನ ಗೊಂಬೆಗಳೆಲ್ಲ ಹೌದು ಹೌದು ಎಂದು ತಲೆ ಆಡಿಸಿದವು. ಡಾಕ್ಟರು ಅವುಗಳನ್ನು ನೋಡಿದರು, ನನ್ನನ್ನು ನೋಡಿದರು. ಕನ್ನಡಕ ಮಂಜು ಕಟ್ಟುವಷ್ಟು ನಕ್ಕರು. ಬಾಯಿ ಖಾಲಿಯಾದ ಕೂಡಲೇ ನಾನು ಹೇಳಲು ಹೊರಟೆ. ಅವರು ಕೈ ಅಡ್ಡ ಹಿಡಿದು, ಎರಡು ಗಂಟೆ ಏನೂ ತಿನ್ನಬೇಡ ಎಂದು ಮುಂದಿನ ರೋಗಿಯನ್ನು ಕರೆದರು. ಆಮೇಲೆ ಯಾವಾಗ ಮಾತೆತ್ತಿದರೂ ಕೈ ಅಡ್ಡ ಬರುತ್ತಿತ್ತು.

ತಂಡ ಉಳಿಯಿತು. ನಾವು ಸೋಲ್ನಾಕ್ಕೆ ಬರುವ ತನಕ ಪ್ರತಿ ಬೇಸಿಗೆ ಆಡಿದೆವು, ಬಹುಪಾಲು ಸೋತೆವು. ಹೋದ ವರ್ಷ ಆ ನರ್ಸ್ ಫೋನ್ ಮಾಡಿ, ಡಾಕ್ಟರು ಹೋಗಿಬಿಟ್ಟರು ಎಂದಳು. ಚರ್ಚಿನ ಹೊರಗೆ ಹಳೆಯ ತಂಡದವರೆಲ್ಲ ಟೋಪಿ ತಿರುಗಿಸಿ ಹಾಕಿಕೊಂಡು ನಿಂತಿದ್ದರಂತೆ. ಮಳೆ ಬಂತೇ ಎಂದು ಕೇಳಿದೆ. ಇಲ್ಲ, ಹಿಮ ಬಿತ್ತು ಎಂದಳು. ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ನಾನು ಬಹಳ ಹೊತ್ತು ಅತ್ತೆ. ನಿಜವಾಗಿ ಆಡುತ್ತಾಳೆ ಎಂದು ನನ್ನನ್ನು ನಂಬಿದ್ದ ಮನುಷ್ಯ, ಕೊನೆಗೆ ಏನೆಂದುಕೊಂಡು ಹೋದರೋ ನನಗೆ ಗೊತ್ತಿಲ್ಲ.

ಮೊನ್ನೆ ಲವಂಗ ಕಚ್ಚಿಕೊಂಡು ಒಲೆಯ ಮುಂದೆ ನಿಂತಾಗ, ಕೇಳಿಸಿಕೊಳ್ಳುವವರು ಇಲ್ಲದಿದ್ದರೇನು, ಒಮ್ಮೆ ಬಾಯಿಬಿಟ್ಟು ಹೇಳಿಬಿಡೋಣ ಎನ್ನಿಸಿತು. ಹೇಳಿದೆ. ಇಲ್ಲ ಡಾಕ್ಟ್ರೇ, ಬೇಕಂತ ಮಾಡಲಿಲ್ಲ, ನಿಜವಾಗಿಯೇ ಆಡಿದೆ.

ಒಳಗಿನ ಕೋಣೆಯಿಂದ ಮಗಳು, ಈಗ ಕೆಲಸಕ್ಕೆ ಹೋಗುವ ಹುಡುಗಿ, ಬಾಗಿಲಿಗೆ ಬಂದು ನಿಂತಳು. “ಅಮ್ಮೀ, ಆರ್ ಯು ಓಕೆ? ಏನೋ ಆ... ಆ... ಅಂತಿದೀಯ.”